ಕಾಡು ನೋಡಹೋಗುವವರ ಧರ್ಮ

ಕಬ್ಬಿನ ಗದ್ದೆಯಲ್ಲಿ ಚಿರತೆಯ ಹೆಜ್ಜೆ ಕಂಡಿತೆಂಬ ಸುದ್ದಿ ಹುಟ್ಟಿದರೆ ಸಾಕು, ಆತಗೂರಿನಂಥ ನಮ್ಮ ಮದ್ದೂರು ಸೀಮೆಯ ಊರುಗಳಲ್ಲಿ ರಾತ್ರಿ ನೀರು ಕಟ್ಟಲು ಹೋಗುವವರು ಜೊತೆಯನ್ನು ಹುಡುಕುತ್ತಾರೆ. ಬೋನು ತಂದಿಡಿರೆಂಬ ಕೂಗೇಳುತ್ತದೆ. ಅದೇ ಊರಿನವರು ರಜೆ ಬಂದೊಡನೆ ಹಣ ತೆತ್ತು, ಬೆಳಗಿನ ಜಾವದಲ್ಲೆದ್ದು, ಬಂಡೀಪುರದಲ್ಲಿಯೋ ನಾಗರಹೊಳೆಯಲ್ಲಿಯೋ ಆ ಚಿರತೆಯನ್ನೇ ಕಾಣಬೇಕೆಂದು ಹಾತೊರೆಯುತ್ತಾರೆ. ಇದರಲ್ಲಿ ನಗತಕ್ಕದ್ದೇನೂ ಇಲ್ಲ. ಭಯವೂ ನಿಜ, ಆಸೆಯೂ ನಿಜ. ಆದರೆ ತೆತ್ತ ಹಣಕ್ಕೆ ಪ್ರತಿಯಾಗಿ ನಮಗೆ ಸಂದದ್ದೇನು ಎಂಬ ವಿಚಾರವನ್ನು ಹೊರಡುವ ಮುನ್ನವೇ ಮಾಡಿಕೊಳ್ಳಬೇಕಾಗಿದೆ. ಸಂದದ್ದು ಮೋಟಾರಿನಲ್ಲಿ ಒಂದು ಆಸನ, ಮೃಗವಲ್ಲ.

ಈ ಭೇದವು ನಮ್ಮ ನಾಡಿನಲ್ಲಿ ಬಹುಕಾಲ ಇರಲಿಲ್ಲ. ಕಾಕನಕೋಟೆಯ ಖೆಡ್ಡಾಗಳಲ್ಲಿ ಕಾಡುಕುರುಬರೇ ಮೊದಲಾದವರು ಆನೆಯ ಹಿಂಡನ್ನು ಸುತ್ತುಗಟ್ಟಿ, ತಮಟೆ ಬಡಿದು ಅಟ್ಟಿಕೊಂಡು ಬರುತ್ತಿದ್ದರು. ಹೊಳೆಗೆ ಬಿದ್ದ ಆನೆಗಳನ್ನು ಗಣ್ಯ ಅತಿಥಿಗಳು ಕುಳಿತಲ್ಲಿಂದಲೇ ನೋಡುತ್ತಿದ್ದರು. ಪ್ರೇಕ್ಷಕನ ಕಣ್ಣಿಗಾಗಿ ಕಾಡೇ ಓಡಿಬರಬೇಕಾಗಿತ್ತು. ಕೊನೆಯ ಖೆಡ್ಡಾ ೧೯೭೧ರಲ್ಲಿ ಮುಗಿಯಿತು. ಆ ಸ್ಥಳವನ್ನು ಕಬಿನಿಯ ನೀರು ಮುಚ್ಚಿತು. ೧೯೭೨ರ ವನ್ಯಜೀವಿ ಕಾಯಿದೆ ಬಂದು ಬೇಟೆಯೂ ನಿಂತಿತು. ೧೯೩೧ರಲ್ಲಿ ಮೈಸೂರು ಮಹಾರಾಜರು ವನ್ಯಜೀವಿಧಾಮವೆಂದು ಏರ್ಪಡಿಸಿದ್ದ ಬಂಡೀಪುರವು ೧೯೭೩ರಲ್ಲಿ ಹುಲಿಗಳ ಕಾಪಿನ ನೆಲೆಯಾಯಿತು. ಆದರೆ ಪ್ರೇಕ್ಷಕನ ಮನಸ್ಸು ಮಾತ್ರ ಇನ್ನೂ ಖೆಡ್ಡಾದ ಮಂಟಪದಲ್ಲಿಯೇ ಕುಳಿತಿದೆ. ಹುಲಿ ಕಾಣಲಿಲ್ಲವೆಂದು ಚಾಲಕನ ಮೇಲೆ ಮುನಿಯುವವನೂ, ಕಂಡರೆ ಇನಾಮು ಕೊಡುತ್ತೇನೆನ್ನುವವನೂ ಒಂದೇ ತಪ್ಪನ್ನು ಮಾಡುತ್ತಾರೆ. ಆ ಬಡವನು ದಾರಿಗೆ ಅಡ್ಡವಾಗಿ ಬಂಡಿ ನಿಲ್ಲಿಸಿ ಮೃಗದ ನಡೆಯನ್ನು ತಡೆದರೆ ಅಪರಾಧ ಅವನದೆನ್ನುತ್ತೇವೆ. ಆಸೆ ಹುಟ್ಟಿಸಿದ ಕೈ ನಮ್ಮದು.

ಪೆಟ್ಟಿಗೆಯ ಸಿದ್ಧತೆ ಸುಲಭ. ಮಣ್ಣಿನ ಬಣ್ಣದ ಬಟ್ಟೆ, ದುರ್ಬೀನು, ಕುಡಿಯುವ ನೀರು. ಅತ್ತರು ಬೇಡ, ಬಿಸಾಡುವ ಕಾಗದ-ಪ್ಲಾಸ್ಟಿಕ್ಕು ಬೇಡ, ಫೋನಿನ ಸದ್ದು ಬೇಡ. ಮನಸ್ಸಿನ ಸಿದ್ಧತೆಗೆ ಹೆಚ್ಚು ದಿನ ಹಿಡಿಯುತ್ತದೆ. ಮುಸುವ ಮರದ ಮೇಲಿಂದ ಕೆಮ್ಮಿದಂತೆ ಕೂಗುವುದೇಕೆ, ಜಿಂಕೆ ಬಾಲವೆತ್ತಿ ಕಾಲು ಬಡಿಯುವುದೇಕೆ ಎಂಬುದನ್ನು ಓದಿ ತಿಳಿದವನಿಗೆ ಹುಲಿ ಕಾಣದಿದ್ದರೂ ಹುಲಿಯಿರುವುದು ತಿಳಿಯುತ್ತದೆ. ಮಕ್ಕಳಿಗೆ ಇಷ್ಟನ್ನು ಕಲಿಸದೆ ಕರೆದೊಯ್ಯುವುದು, ಅಕ್ಷರ ಬಾರದವನನ್ನು ಗ್ರಂಥಾಲಯದಲ್ಲಿ ಕೂರಿಸಿದಂತೆ.

ಇದಕ್ಕೆ ಪಾಠಶಾಲೆ ನಮ್ಮ ತಾಲ್ಲೂಕಿನಲ್ಲಿಯೇ ಇದೆ. ಶಿಂಷೆಗೆ ಸಮೀಪದ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಬೀದಿಯ ಹುಣಿಸೆಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಅವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರ ಭಾವನೆ. ಅದಕ್ಕಾಗಿ ಹುಣಿಸೆಯ ಫಸಲಿನಲ್ಲಿ ನಷ್ಟವನ್ನೂ ಸಹಿಸಿದ್ದಾರೆ. ೧೯೭೬ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ಊರನ್ನು ಹೊರಗಿನವರ ಗಮನಕ್ಕೆ ತಂದರು. ೨೦೦೭ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಇಲ್ಲಿ ಬೇಲಿಯಿಲ್ಲ, ಟಿಕೀಟಿನ ಗತ್ತಿಲ್ಲ. ಚಿತ್ರಕ್ಕೆಂದು ಯಾರಾದರೂ ಚಪ್ಪಾಳೆ ತಟ್ಟಿ ಹಕ್ಕಿಗಳನ್ನೆಬ್ಬಿಸಿದರೆ ಮೊಟ್ಟೆಮರಿಗಳು ಕಾಗೆಗೂ ಬಿಸಿಲಿಗೂ ಪಾಲಾಗುತ್ತವೆ. ತಟ್ಟಿದವನು ಊಟದ ಹೊತ್ತಿಗೆ ಮನೆ ಸೇರಿರುತ್ತಾನೆ. ಆ ಮರದಡಿಯಲ್ಲಿ ಅರ್ಧ ಗಂಟೆ ಮಾತಿಲ್ಲದೆ ನಿಲ್ಲಬಲ್ಲ ಕುಟುಂಬವು ಬಂಡೀಪುರಕ್ಕೆ ಹೋಗಲು ಅರ್ಹವೆಂದು ನಾನು ತಿಳಿಯುತ್ತೇನೆ.

ಇನ್ನೊಂದು ಮಾತು. ೨೦೨೫ರ ನವೆಂಬರಿನಲ್ಲಿ, ಕಾಡಂಚಿನ ರೈತರು ಹುಲಿಯ ಬಾಯಿಗೆ ಸಿಕ್ಕಿ ಸತ್ತ ಮೇಲೆ, ಸರ್ಕಾರವು ಬಂಡೀಪುರ ನಾಗರಹೊಳೆಗಳಲ್ಲಿ ಸಫಾರಿಯನ್ನು ನಿಲ್ಲಿಸಿ ಸಿಬ್ಬಂದಿಯನ್ನು ಹುಲಿಯ ಶೋಧಕ್ಕೆ ತೊಡಗಿಸಿತು. ಸಫಾರಿಯ ಗದ್ದಲದಿಂದಲೇ ಮೃಗಗಳು ಹೊರಬರುತ್ತವೆಯೆಂಬುದು ರೈತರ ದೂರು. ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಬಲ್ಲವರು ತೂಗಲಿ. ನಾವು ನೋಡಿ ಬರುವ ಹುಲಿಯ ಬೆಲೆಯನ್ನು ದನ ಕಳೆದುಕೊಂಡವರೂ ಮನೆಯವರನ್ನು ಕಳೆದುಕೊಂಡವರೂ ತೆರುತ್ತಿದ್ದಾರೆಂಬುದಕ್ಕೆ ಯಾವ ತಜ್ಞರ ಸಾಕ್ಷಿಯೂ ಬೇಡ. ಚಿರತೆಗೆ ಅಂಜಿ ಲಾಟೀನು ಹಿಡಿದು ಗದ್ದೆಗೆ ಹೋದ ನಮ್ಮವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೊರಡುವವರು ಆ ಊರುಗಳಲ್ಲಿ ಒಂದು ಹೊತ್ತು ನಿಲ್ಲಲಿ. ಅಲ್ಲಿಯ ಅಂಗಡಿಯಲ್ಲಿ ಕೊಳ್ಳಲಿ, ಅಲ್ಲಿಯ ಮನೆಯೂಟ ದೊರೆತರೆ ಉಣ್ಣಲಿ, ಈ ವರ್ಷ ಬೆಳೆ ಹೇಗಾಯಿತೆಂದು ವಿಚಾರಿಸಲಿ. ಹೊತ್ತು ಮೀರದಂತೆ ಎಚ್ಚರವಿರಲಿ: ಬಂಡೀಪುರದ ಹೆದ್ದಾರಿಯಲ್ಲಿ ೨೦೦೯ರಿಂದ ರಾತ್ರಿ ೯ ಗಂಟೆಗೆ ಗೇಟು ಹಾಕುತ್ತಾರೆ, ಬೆಳಿಗ್ಗೆ ೬ರ ವರೆಗೆ ಆ ದಾರಿ ಆನೆಗಳದು.