ತೇಪೆಯ ಋಣ

ಕನ್ನಡದಲ್ಲಿ ‘ತೇಪೆ’ಗೆ ಮರ್ಯಾದೆ ಕಡಿಮೆ. ‘ಏನೋ ತೇಪೆ ಹಾಕಿ ಕಳಿಸಿದಾನೆ’ ಅಂದರೆ ಮೈಗಳ್ಳ ಅಂತಲೇ ಅರ್ಥ. ಸಾಫ್ಟ್‌ವೇರ್‌ನವರಾದ ನಾವು ಮಾತ್ರ ಅದೇ ತೇಪೆಯನ್ನು ‘ಪ್ಯಾಚ್’ ಅಂತ ಕರೆದು ರೆಸ್ಯೂಮೆಯಲ್ಲಿ ಹೆಮ್ಮೆಯಿಂದ ಬರೆದುಕೊಳ್ತೇವೆ: ಓಪನ್ ಸೋರ್ಸ್‌ಗೆ ಪ್ಯಾಚ್ ಕೊಟ್ಟಿದ್ದೇನೆ. ನನ್ನ ತಕರಾರು ಇರೋದು ಆ ‘ಕೊಟ್ಟಿದ್ದೇನೆ’ ಅನ್ನೋ ಪದದ ಬಗ್ಗೆ. ಪ್ಯಾಚ್ ಕಳಿಸಿದಾಗ ನಾವು ನಿಜವಾಗಿ ಕೊಡ್ತಿದ್ದೇವಾ, ಅಥವಾ ಏನನ್ನೋ ಕೇಳ್ತಿದ್ದೇವಾ?

ಒಂದು ಸಣ್ಣ ಉದಾಹರಣೆ ನೋಡೋಣ. ನಾನು ಕೂತು ಕೆಲಸ ಮಾಡೋದು ಶಿವಮೊಗ್ಗದ ದುರ್ಗಿಗುಡಿಯಲ್ಲಿ. ಹಾಗಾಗಿ ಕಂಪ್ಯೂಟರಿನಲ್ಲಿ ಕನ್ನಡ ಸರಿ ಇದೆಯಾ ಅಂತ ನೋಡೋಕೆ ಮೊದಲು ಟೈಪ್ ಮಾಡೋದು ಅದೇ ಹೆಸರನ್ನು. ಪರೀಕ್ಷೆಗೆ ಹೇಳಿ ಮಾಡಿಸಿದ ಪದ ಅದು. ಕೊಂಬು ಇದೆ, ಗುಡಿಸು ಇದೆ, ಅರ್ಕಾವತ್ತೂ ಇದೆ. ನಮ್ಮ ಕಣ್ಣಿಗೆ ನಾಲ್ಕು ಅಕ್ಷರ: ದು, ರ್ಗಿ, ಗು, ಡಿ. ಯೂನಿಕೋಡ್ ಲೆಕ್ಕದಲ್ಲಿ 10 ಸಂಕೇತ. ಯುಟಿಎಫ್-8ರಲ್ಲಿ ಉಳಿಸಿದರೆ 30 ಬೈಟ್. ಮೂರು ಲೆಕ್ಕವೂ ಸರಿಯೇ.

ಲಿನಕ್ಸ್‌ನಲ್ಲಿ ‘ಕಟ್’ ಅಂತ ಒಂದು ಪುಟ್ಟ ಕಮಾಂಡ್ ಇದೆ. ಸಾಲಿನಲ್ಲಿ ಇಷ್ಟನೇ ಅಕ್ಷರದಿಂದ ಇಷ್ಟನೇ ಅಕ್ಷರದವರೆಗೆ ಕತ್ತರಿಸಿಕೊಡು ಅಂದರೆ ಕೊಡುತ್ತದೆ. ಡೆಬಿಯನ್ 12ರಲ್ಲಿ ‘ದುರ್ಗಿಗುಡಿ’ಯ ಮೊದಲ ಅಕ್ಷರ ಕೊಡು ಅಂತ ಕೇಳಿ, ‘ದ’ದ ಮೂರನೇ ಒಂದು ಭಾಗ ಕೈಗೆ ಬರುತ್ತದೆ. ತೆರೆ ಮೇಲೆ ಅದು ಬರೀ ಪ್ರಶ್ನೆಚಿಹ್ನೆ. ಮೊದಲ ಮೂರು ಅಕ್ಷರ ಕೇಳಿದರೆ ‘ದ’ ಸಿಗುತ್ತದೆ, ಕೊಂಬು ಬಿದ್ದುಹೋಗಿರುತ್ತದೆ. ಯಾಕಂದ್ರೆ ಅಲ್ಲಿ ಅಕ್ಷರ ಅಂದರೂ ಬೈಟ್ ಅಂದರೂ ಒಂದೇ. ಅದೇ ಕಮಾಂಡನ್ನು ಫೆಡೋರಾದಲ್ಲಿ ಓಡಿಸಿದರೆ ಮೊದಲ ಅಕ್ಷರ ‘ದ’, ಮೊದಲ ಮೂರು ‘ದುರ’. ಸ್ವಲ್ಪ ವಾಸಿ, ಆದರೆ ‘ದು’ ಅಂತ ಹೇಳೋದು ಅದಕ್ಕೂ ಗೊತ್ತಿಲ್ಲ.

ಒಂದೇ ಉಪಕರಣ ಎರಡು ಕಡೆ ಎರಡು ಥರ ಯಾಕೆ ನಡ್ಕೊಳ್ಳುತ್ತೆ? ಉತ್ತರ ಒಂದು ಪ್ಯಾಚ್. ಕಟ್, ಸಾರ್ಟ್, ಯುನಿಕ್, ಜಾಯಿನ್ ಮುಂತಾದವು ಜಿಎನ್‌ಯು ಕೋರ್‌ಯುಟಿಲ್ಸ್ ಅನ್ನೋ ಕಟ್ಟಿನಲ್ಲಿ ಬರುತ್ತವೆ. ಇಂಗ್ಲಿಷ್ ಅಲ್ಲದ ಲಿಪಿಗಳೂ ಅವುಗಳಲ್ಲಿ ಸರಿಯಾಗಿ ನಡೆಯಲಿ ಅಂತ ಯಾರೋ ಒಂದು ದೊಡ್ಡ ಪ್ಯಾಚ್ ಬರೆದರು. ಸೂಸೆ, ಫೆಡೋರಾದಂಥ ಲಿನಕ್ಸ್‌ಗಳು ಅದನ್ನು ತಮ್ಮ ಪ್ರತಿಗೆ ಹೊಲಿದುಕೊಂಡವು. ಮೂಲ ಯೋಜನೆ ಮಾತ್ರ ಅದನ್ನು ಇದ್ದ ಹಾಗೇ ತೆಗೆದುಕೊಳ್ಳಲಿಲ್ಲ. ವರ್ಷಗಟ್ಟಲೆ ಅದು ಹೊರಗಿನ ತೇಪೆಯಾಗಿಯೇ ಉಳಿಯಿತು. ಡೆಬಿಯನ್ ಅದನ್ನು ಹಚ್ಚಿಕೊಳ್ಳಲಿಲ್ಲ, ಆದ್ದರಿಂದ ನಮ್ಮ ದುರ್ಗಿಗುಡಿ ಅಲ್ಲಿ ಚೂರಾಯಿತು.

ಇದನ್ನು ಓದಿದ ಕನ್ನಡಿಗನಿಗೆ ರಕ್ತ ಕುದಿಯೋದು ಸಹಜ. ‘ನಮ್ಮ ಭಾಷೆಗೆ ರೆಡಿ ಇರೋ ಪರಿಹಾರವನ್ನೂ ಒಳಗೆ ಬಿಟ್ಕೊಳ್ಳೋದಿಲ್ವಾ?’ ಆದರೆ ಮುಂದಿನ ಕಥೆ ಕೇಳಿ. 2013ರಲ್ಲಿ ಅದೇ ಪ್ಯಾಚ್‌ನಲ್ಲಿ ದೋಷಗಳು ಸಿಕ್ಕವು. ತುಂಬ ಉದ್ದದ ಸಾಲು ಕೊಟ್ಟರೆ ಸಾರ್ಟ್, ಯುನಿಕ್, ಜಾಯಿನ್ ಮೂರೂ ಕುಸಿದು ಬೀಳುತ್ತಿದ್ದವು. ಸಿವಿಇ ಪಟ್ಟಿಯಲ್ಲಿ ಮೂರು ಪ್ರತ್ಯೇಕ ನಂಬರ್‌ಗಳೊಂದಿಗೆ ಅವು ದಾಖಲಾದವು. ಮೂಲದಲ್ಲಿಲ್ಲದ ತೂತು ತೇಪೆಯಲ್ಲಿತ್ತು. ಪ್ಯಾಚ್ ಬರೆದವರ ಉದ್ದೇಶ ಒಳ್ಳೆಯದೇ, ಬೇಡ ಅಂದವರ ಹಿಂಜರಿಕೆಗೂ ಕಾರಣವಿತ್ತು. ಇಬ್ಬರೂ ಸರಿ ಇರುವಾಗ ನ್ಯಾಯ ಹೇಳೋದು ಹೇಗೆ?

ದುರ್ಗಿಗುಡಿಯ ಬಟ್ಟೆ ಅಂಗಡಿಗಳ ಪಕ್ಕ ಆಲ್ಟರೇಶನ್ ಮಾಡೋ ಟೈಲರ್ ಹತ್ತಿರ ಪ್ಯಾಂಟಿಗೆ ತೇಪೆ ಹಾಕಿಸಿಕೊಳ್ತೀರಿ ಅಂದ್ಕೊಳ್ಳಿ. ಎರಡು ದಿನಕ್ಕೆ ಬಿಚ್ಚಿಕೊಂಡರೆ ವಾಪಸ್ ಹೋಗೋದು ಅವರ ಹತ್ತಿರವೇ. ತೇಪೆ ಹಾಕಿದವರೇ ಅದಕ್ಕೆ ಜವಾಬು. ಓಪನ್ ಸೋರ್ಸ್‌ನಲ್ಲಿ ಇದು ತಿರುವುಮುರುವು. ಪ್ಯಾಚ್ ನನ್ನದು, ಅದು ಹರಿದರೆ ಜನ ಹೋಗಿ ಬಾಗಿಲು ತಟ್ಟೋದು ಮೇಂಟೇನರ್ ಮನೆಯದ್ದು. ನನ್ನ ಎರಡು ವಾರಾಂತ್ಯದ ಕೆಲಸವನ್ನು ಅವರು ಹತ್ತು ವರ್ಷ ಸಾಕಬೇಕು. ನಾನು ಅಷ್ಟರಲ್ಲಿ ಕಂಪನಿ ಬದಲಾಯಿಸಿರ್ತೀನಿ, ಇಮೇಲ್ ಐಡಿಯೂ ಬದಲಾಗಿರುತ್ತೆ. ಹಾಗಾದರೆ ಪ್ಯಾಚ್ ಅನ್ನೋದು ದಾನಕ್ಕಿಂತ ಹೆಚ್ಚಾಗಿ ‘ಇದನ್ನು ಸ್ವಲ್ಪ ನೋಡ್ಕೊಳ್ತೀರಾ?’ ಅನ್ನೋ ಕೋರಿಕೆ.

ಕೋರಿಕೆ ಅನ್ನೋದು ಮರೆತರೆ ಏನಾಗುತ್ತೆ ಅಂತ 2020ರ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ಕಂಡಿತು. ಅಕ್ಟೋಬರ್‌ನಲ್ಲಿ ನಾಲ್ಕು ಬದಲಾವಣೆ ಕಳಿಸಿದರೆ ಒಂದು ಟೀಶರ್ಟ್. ರೀಡ್‌ಮಿ ಫೈಲಿನಲ್ಲಿ ಒಂದು ಪದ ಸೇರಿಸಿ, ಒಂದು ಸಾಲು ಹೊಗಳಿಕೆ ತುರುಕಿ ಕಳಿಸಿದವರ ಪ್ರವಾಹವೇ ಹರಿಯಿತು. ಅವರಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳೂ ಬಹಳ ಜನ ಇದ್ದರು. ಬಂದದ್ದನ್ನೆಲ್ಲ ತೆರೆದು, ಓದಿ, ಮುಚ್ಚೋ ಕೆಲಸ ಮೇಂಟೇನರ್‌ಗಳ ಪಾಲಿಗೆ. ಕೊನೆಗೆ ಆಯೋಜಕರು ‘ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ’ ಅಂತ ನಿಯಮ ಬದಲಿಸಬೇಕಾಯ್ತು. ಟೀಶರ್ಟಿಗೆ ಬಂದವರನ್ನು ಬೈಯೋದು ಸುಲಭ. ಆದರೆ ರೆಸ್ಯೂಮೆಗಾಗಿ ಪ್ಯಾಚ್ ಕಳಿಸೋ ನಮಗೂ ಅವರಿಗೂ ಇರೋ ವ್ಯತ್ಯಾಸ ಎಷ್ಟು?

ಮಲೆನಾಡಿನ ನಮ್ಮ ಹಳ್ಳಿಗಳಲ್ಲಿ ಇದಕ್ಕೊಂದು ಹಳೇ ಲೆಕ್ಕ ಇತ್ತು: ಮುಯ್ಯಾಳು. ನಾಟಿ ಸಮಯದಲ್ಲಿ ನಿಮ್ಮ ಗದ್ದೆಗೆ ನಾನು ಒಂದು ದಿನ, ನನ್ನ ಗದ್ದೆಗೆ ನೀವು ಒಂದು ದಿನ. ಬರೆದಿಡದಿದ್ದರೂ ಲೆಕ್ಕ ಯಾರೂ ಮರೆಯೋರಲ್ಲ. ಆ ಪದ್ಧತಿಯಲ್ಲಿ ಇನ್ನೂ ಒಂದು ಮಾತಿದೆ. ಮುಯ್ಯಿಗೆ ಬಂದವನು ಸಸಿಯನ್ನು ಮೇಲಮೇಲೆ ಊರಿ ಹೋದರೆ, ನೀರು ಕಟ್ಟಿದ ಮೇಲೆ ಅವು ತೇಲುತ್ತವೆ. ಗದ್ದೆಯವನು ಮತ್ತೆ ಇಳಿದು ನೆಡಬೇಕು. ಅಂಥವನ ಒಂದು ದಿನ ಲೆಕ್ಕಕ್ಕೆ ದಿನವೇ, ಗದ್ದೆಗೆ ನಷ್ಟ. ಬಂದ ಅನ್ನೋದಷ್ಟೇ ಸಾಲದು. ನೀರು ಕಟ್ಟಿದ ಮೇಲೂ ಸಸಿ ನಿಲ್ಲಬೇಕು.

ಹಾಗಾದರೆ ‘ಪ್ಯಾಚ್ ಕಳಿಸಿದವರು ಜೊತೆಗೇ ಉಳಿಯಲಿ’ ಅಂದುಬಿಟ್ಟರೆ ಪ್ರಶ್ನೆ ಮುಗೀತಾ? ಬಹಳ ದಿನ ನಾನು ಹಾಗೇ ಅಂದುಕೊಂಡಿದ್ದೆ. 2024ರ ಮಾರ್ಚ್ ಅದನ್ನೂ ಅಲುಗಾಡಿಸಿತು.

ಎಕ್ಸ್‌ಜೆಡ್ ಅನ್ನೋದು ಫೈಲ್ ಕುಗ್ಗಿಸೋ ಕಮಾಂಡ್. ನೋಡಿಕೊಳ್ತಿದ್ದವರು ಲಾಸ್ಸೆ ಕೊಲಿನ್, ಹೆಚ್ಚುಕಡಿಮೆ ಒಬ್ಬರೇ, ಸಂಬಳವಿಲ್ಲದೆ. ಮಾನಸಿಕವಾಗಿ ಬಳಲಿದ್ದೇನೆ ಅಂತ 2022ರಲ್ಲಿ ಅವರೇ ಹೇಳಿಕೊಂಡಿದ್ದರು. ಆ ಹೊತ್ತಿಗೆ ‘ಜಿಯಾ ಟಾನ್’ ಅನ್ನೋ ಹೆಸರಿನವರು ಒಂದಾದ ಮೇಲೊಂದು ಪ್ಯಾಚ್ ಕಳಿಸುತ್ತಿದ್ದರು. ಇನ್ನೊಂದು ಕಡೆ ಬೇರೆ ಬೇರೆ ಹೆಸರುಗಳು ಬಂದು, ಕೆಲಸ ನಿಧಾನವಾಯ್ತು, ಜವಾಬ್ದಾರಿ ಬೇರೆಯವರಿಗೆ ಬಿಡಿ ಅಂತ ಒತ್ತಡ ಹಾಕಿದವು. ಸುಮಾರು ಒಂದು ವರ್ಷ ಸಹಾಯ ಮಾಡಿದ ಮೇಲೆ ಆ ಹೆಸರಿಗೆ ಮನೆಯ ಬೀಗದಕೈ ಸಿಕ್ಕಿತು. ನಂತರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಸೇರಿಕೊಂಡಿತು. ದೂರದಿಂದ ಸರ್ವರ್‌ಗೆ ಲಾಗಿನ್ ಆಗೋ ವ್ಯವಸ್ಥೆಗೇ ಕನ್ನ ಕೊರೆಯೋ ಸಂಚು ಅದು. ಅದರ ತಿರುಳನ್ನು ಅವಿಸಿಟ್ಟಿದ್ದು ಪರೀಕ್ಷೆಗೆಂದು ಇಟ್ಟ ಫೈಲ್‌ಗಳೊಳಗೆ.

ಅಂದರೆ ‘ಉಳಿದವನು ಒಳ್ಳೆಯವನು’ ಅನ್ನೋ ನಂಬಿಕೆಯನ್ನೇ ಕಳ್ಳ ಏಣಿ ಮಾಡಿಕೊಂಡ. ಇದನ್ನು ಹಿಡಿದವರು ಆಂಡ್ರೆಸ್ ಫ್ರೊಯಿಂಡ್. ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ ಕೆಲಸ ಮಾಡೋ ಇಂಜಿನಿಯರ್, ಎಕ್ಸ್‌ಜೆಡ್ ತಂಡದವರೂ ಅಲ್ಲ. ತಮ್ಮ ಮಷೀನಿನಲ್ಲಿ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಅಂತ ಅವರ ಗಮನಕ್ಕೆ ಬಂತು. ‘ಹೋಗ್ಲಿ ಬಿಡು, ಅರ್ಧ ಸೆಕೆಂಡ್ ತಾನೆ’ ಅನ್ನದೆ ಬೆನ್ನು ಹತ್ತಿದರು. ಅಲ್ಲಿ ಪ್ರಪಂಚವನ್ನು ಕಾಪಾಡಿದ್ದು ಪ್ಯಾಚ್ ಅಲ್ಲ, ಬೇರೆಯವರ ಕೋಡಿನ ಬಗ್ಗೆ ಒಬ್ಬರು ವಹಿಸಿದ ಗಮನ.

ನನಗನ್ನಿಸೋದು ಇಷ್ಟು: ಈ ಲೋಕದಲ್ಲಿ ಕೊರತೆ ಇರೋದು ಕೋಡಿಗಲ್ಲ, ಈಗಂತೂ ಎಐ ನಿಮಿಷಕ್ಕೊಂದು ಪ್ಯಾಚ್ ಬರೆದುಕೊಡುತ್ತದೆ. ಕೊರತೆ ಇರೋದು ಓದುವವರಿಗೆ. ಋಣ ತೀರಿಸಬೇಕು ಅಂತಿದ್ದರೆ ಕೊರತೆ ಇರೋದನ್ನೇ ಕೊಡಬೇಕಲ್ಲವಾ? ಬೇರೆಯವರ ಪ್ಯಾಚ್ ಓದೋದು, ದೂರು ನಿಜವಾ ಅಂತ ನಮ್ಮ ಮಷೀನಿನಲ್ಲಿ ಓಡಿಸಿ ನೋಡೋದು, ಕಳಿಸುವುದನ್ನೂ ಇನ್ನೊಬ್ಬರಿಗೆ ಓದಲು, ಸಾಕಲು ಹಗುರಾಗುವಂತೆ ಕಳಿಸೋದು.

‘ಹೀಗೇ ಯೋಚಿಸ್ತಾ ಕೂತರೆ ಕನ್ನಡ ಯಾವತ್ತು ಒಳಗೆ ಹೋಗೋದು?’ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ನಾನು ತೋರಿಸೋದು ಕೀಲಿಮಣೆಯನ್ನು. ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಿ ‘ಕಗಪ’ ಅಂತ ಕನ್ನಡದ ವಿನ್ಯಾಸ ಇದೆ. ಕಗಪ ಅಂದರೆ ಕನ್ನಡ ಗಣಕ ಪರಿಷತ್ತು, ಬೇರು ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿದೆ. ಅದೂ ಒಂದು ಕಾಲದಲ್ಲಿ ಯಾರೋ ಕಳಿಸಿದ ಬದಲಾವಣೆಯೇ. ಇವತ್ತು ಅದೇ ಹೆಸರಿನ ವಿನ್ಯಾಸ ಹಿಂದಿ, ಮರಾಠಿ, ತೆಲುಗು, ಸಂಸ್ಕೃತಕ್ಕೂ ಅಲ್ಲಿದೆ. ಅದು ಯಾಕೆ ಒಳಗೆ ಉಳಿಯಿತು? ಯಾವ ಕೀಲಿಗೆ ಯಾವ ಅಕ್ಷರ ಅನ್ನೋ ಒಂದು ಪಟ್ಟಿ ಅದು. ಕನ್ನಡ ಬಾರದ ಮೇಂಟೇನರ್ ಕೂಡ ಅದನ್ನು ಇಟ್ಟುಕೊಳ್ಳಬಹುದು. ಕೊಡೋದರ ಆಕಾರದಲ್ಲೇ ತೆಗೆದುಕೊಳ್ಳುವವರ ಮೇಲಿನ ಕಾಳಜಿ ಇರುತ್ತದೆ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ಪ್ಯಾಚ್ ಇದೆ. ‘ದುರ್ಗಿಗುಡಿ’ಯ ಮೊದಲ ಅಕ್ಷರ ಕೇಳಿದರೆ ಅದು ‘ದು’ ಅನ್ನುತ್ತದೆ, ಎರಡನೆಯದು ಕೇಳಿದರೆ ಸರಿಯಾಗಿ ‘ರ್ಗಿ’ ಅನ್ನುತ್ತದೆ. ಅದನ್ನು ನಾನು ಕಳಿಸಿಲ್ಲ. 2023ರಲ್ಲಿ ಬಂದ ಯೂನಿಕೋಡ್ 15.1, ತೆಲುಗು, ಮಲಯಾಳಂ ಸೇರಿ ಆರು ಭಾರತೀಯ ಲಿಪಿಗಳಲ್ಲಿ ಒತ್ತಕ್ಷರ ಒಡೆಯದಂತೆ ನಿಯಮ ಮಾಡಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಅಕ್ಷರ ಎಲ್ಲಿ ಮುಗಿಯುತ್ತದೆ ಅನ್ನೋದನ್ನು ನಾವೇ ಸರಿಯಾಗಿ ಹೇಳಿ ಕೊಡದೆ, ಕನ್ನಡ ಓದಲು ಬಾರದ ಒಬ್ಬರ ಹೆಗಲಿಗೆ ನನ್ನ ಇನ್ನೂರು ಸಾಲು ಹೊರಿಸೋದು ಮುಯ್ಯಿ ಆಗೋದಿಲ್ಲ.

ಬದಲಿಗೆ ಒಂದು ಪಟ್ಟಿ ಮಾಡುತ್ತಿದ್ದೇನೆ: ಎಡಗಡೆ ಕನ್ನಡದ ಪದ, ಬಲಗಡೆ ಅದು ಒಡೆಯಬೇಕಾದ ರೀತಿ. ಪರೀಕ್ಷೆಯ ಫೈಲ್‌ನಲ್ಲೇ ಕಳ್ಳ ಅಡಗಿದ್ದ ಕಥೆ ನೆನಪಿದೆ, ಅದಕ್ಕೇ ಇದು ಬರೀ ಪಠ್ಯ. ಯಾರು ಬೇಕಾದರೂ ತೆರೆದು ಕಣ್ಣಲ್ಲೇ ನೋಡಬಹುದು. ಸದ್ಯಕ್ಕೆ ಅದರಲ್ಲಿ ನಾನೂರು ಚಿಲ್ಲರೆ ಪದಗಳಿವೆ. ಇದರಿಂದ ರೆಸ್ಯೂಮೆಗೆ ಒಂದು ಸಾಲೂ ಸೇರುವುದಿಲ್ಲ. ಆದರೆ ಮುಂದೆ ಯಾರ ಪ್ಯಾಚ್ ಬಂದರೂ, ಕನ್ನಡ ಗೊತ್ತಿಲ್ಲದ ಆ ಮೇಂಟೇನರ್ ಅದನ್ನು ಈ ಪಟ್ಟಿಯ ಮೇಲೆ ಓಡಿಸಿ ಸರಿಯೋ ತಪ್ಪೋ ಅಂತ ತಾವೇ ಹೇಳಬಲ್ಲರು.