ಹಳೆಯ ಲೆನ್ಸು, ಹಳೆಯ ತೀರ್ಪು

ಒಮ್ಮೆ ಪರೀಕ್ಷಿಸಿ ಬದಿಗಿಟ್ಟದ್ದನ್ನು ಮತ್ತೆ ಪರೀಕ್ಷಿಸಬೇಕೆ? ಅಕ್ಕಿಯಲ್ಲಿ ಒಂದು ಸಲ ಕಲ್ಲು ಸಿಕ್ಕಿದರೆ ಆ ಅಂಗಡಿಯ ಮೆಟ್ಟಿಲನ್ನೇ ಮತ್ತೆ ಹತ್ತದವರು ನಾವು. ನಾನೂ ಅಂಥವಳೇ.

ದಾಬಸ್‌ಪೇಟೆಯಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೋ. 2018ರಲ್ಲಿ ನಿಕಾನ್, ಕ್ಯಾನನ್ ಕಂಪನಿಗಳು ಕನ್ನಡಿಯಿಲ್ಲದ ಹೊಸ ಮಾದರಿಯ ದೊಡ್ಡ ಕ್ಯಾಮೆರಾ ತಂದಾಗ, ಹಳೆಯ ಲೆನ್ಸುಗಳನ್ನು ಕೂಡಿಸುವ ಅಡಾಪ್ಟರನ್ನೂ ತಂದವು. ಕಳೆದ ವರ್ಷ ಮಗಳು ಕನ್ನಡಿಯಿಲ್ಲದ ಬಾಡಿಯೊಂದನ್ನು ಕೊಂಡಳು. "ಅಮ್ಮ, ಬೀರುವಿನಲ್ಲಿರೋ ಲೆನ್ಸೆಲ್ಲ ಇದಕ್ಕೆ ಹಾಕಿ ನೋಡೋಣ" ಎಂದಳು.

"ಮಸುಕು ಅಂತ ಎತ್ತಿಟ್ಟಿದ್ದು. ಕ್ಯಾಮೆರಾ ಬದಲಾದರೆ ಗಾಜು ಬದಲಾಗುತ್ತಾ?" ಎಂದರು ನಮ್ಮ ಮನೆಯವರು.

ಮಾತು ಸರಿಯೇ. ಆದರೆ ಚಿತ್ರ ತೆಗೆಯುವುದು ಗಾಜೊಂದೇ ಅಲ್ಲವಲ್ಲ. ಹಳೆಯ ಡಿಜಿಟಲ್ ಕ್ಯಾಮೆರಾದಲ್ಲಿ ಫೋಕಸ್ ನೋಡುವ ಸೆನ್ಸರ್ ಬೇರೆ, ಚಿತ್ರ ಹಿಡಿಯುವ ಸೆನ್ಸರ್ ಬೇರೆ. ಕೂದಲೆಳೆಯಷ್ಟು ತಾಳ ತಪ್ಪಿದರೂ ಮುಖದ ಬದಲು ಅದರ ಹಿಂದಿನದು ಸ್ಪಷ್ಟವಾಗುತ್ತದೆ. ಹೊಸದರಲ್ಲಿ ಎರಡು ಕೆಲಸವೂ ಒಂದೇ ಸೆನ್ಸರಿನದು.

ಗೋಡೆಗೆ ದಿನಪತ್ರಿಕೆ ಅಂಟಿಸಿ, ಸ್ಟ್ಯಾಂಡ್ ಹಾಕಿ ತೆಗೆದೆವು. ಮಸುಕೆಂದು ಎತ್ತಿಟ್ಟ ಲೆನ್ಸಿನಲ್ಲಿ ಸಣ್ಣ ಅಕ್ಷರವೂ ಓದಲು ಬಂತು. ಅದನ್ನೇ ಹಳೆಯ ಬಾಡಿಗೆ ಹಾಕಿದರೆ ಮತ್ತೆ ಮಸುಕು! ನಾವು ಹೊಗಳುತ್ತಿದ್ದ ಇನ್ನೊಂದು ಲೆನ್ಸಿನ ಮೂಲೆಗಳು ಕಲಸಿಕೊಂಡಿದ್ದನ್ನೂ ಹೊಸ ಬಾಡಿ ಮುಚ್ಚಿಡಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. 2011ರಲ್ಲಿ ಒಂದು ಮದುವೆಯ ಮಾಂಗಲ್ಯಧಾರಣೆಯ ಚಿತ್ರಗಳು ಕೆಟ್ಟಿದ್ದವು. ಹೆಣ್ಣಿನ ಕಡೆಯವರು ಬಾಯಿಗೆ ಬಂದಂತೆ ಬೈದು ಹೋದರು. ತೆಗೆದವನು ನಮ್ಮಲ್ಲಿ ಕೆಲಸಕ್ಕಿದ್ದ ಹುಡುಗ. "ಅಕ್ಕಾ, ನನ್ನ ಕೈ ಅಲ್ಲಾಡಲಿಲ್ಲ" ಎಂದು ಅವನು ಎಷ್ಟು ಹೇಳಿದರೂ ಕೇಳದೆ, ಕೆಲಸ ಬಿಡಿಸಿ ಎಂದವಳು ನಾನೇ. ಅವನು ಹೋದ ಮೇಲೂ ಚಿತ್ರ ಮಸುಕಾದಾಗ ಲೆನ್ಸನ್ನು ದೂರಿ ಬೀರುವಿಗೆ ಸೇರಿಸಿದೆವು, ಅವನನ್ನು ನೆನೆಯಲಿಲ್ಲ.

ಬೆಳಿಗ್ಗೆ ಆ ಸೀಡಿ ಹುಡುಕಿ ನೋಡಿದೆ. ಮದುಮಗಳ ಮುಖ ಮಸುಕು; ಹಿಂದೆ ನಿಂತಾಕೆಯ ಸೀರೆಯ ಜರಿ ಮಾತ್ರ ಎಳೆ ಎಳೆಯಾಗಿ ಕಾಣುತ್ತಿತ್ತು. ಕೈ ಅಲ್ಲಾಡಿದ್ದರೆ ಜರಿಯೂ ಕದಡಬೇಕಿತ್ತಲ್ಲವೆ? ಸಾಕ್ಷಿ ಅಷ್ಟು ವರ್ಷವೂ ನಮ್ಮ ಮನೆಯಲ್ಲೇ ಇತ್ತು.

ನಮ್ಮ ಶಿವಗಂಗೆ ಬೆಟ್ಟ ಪೂರ್ವದಿಂದ ಬಸವ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆ ಕಾಣುತ್ತದೆ ಎನ್ನುತ್ತಾರೆ. ಬೆಟ್ಟಕ್ಕೆ ನಾಲ್ಕು ದಿಕ್ಕು ಕೊಡುವ ನಾವು ಮನುಷ್ಯನಿಗೆ ಒಂದೇ ದಿಕ್ಕು ಕೊಡುತ್ತೇವೆ.

ಹಾಗೆಂದು ಎಲ್ಲವನ್ನೂ ಮತ್ತೆ ಮತ್ತೆ ಪರೀಕ್ಷಿಸುತ್ತ ಕೂತರೆ ಒಲೆಯ ಮೇಲಿನ ಅನ್ನ ಸೀಯುತ್ತದೆ. ಆದರೆ ನಮ್ಮ ತೀರ್ಪಿನಿಂದ ಒಬ್ಬರ ಅನ್ನ ಹೋಗಿದ್ದರೆ, ಅಂಥ ತೀರ್ಪನ್ನು ಮತ್ತೆ ನೋಡಲೇಬೇಕು.

ಅವನೀಗ ಸೋಂಪುರದ ಕಡೆ ಫ್ಯಾಕ್ಟರಿಯಲ್ಲಿದ್ದಾನೆ. ಮನೆ ಕೇಳಿಕೊಂಡು ಹೋಗಿ, "ತಪ್ಪು ನಿನ್ನದಲ್ಲಪ್ಪ, ನಮ್ಮದು" ಎಂದೆ.

"ಬಿಡಿ ಅಕ್ಕಾ, ಎಷ್ಟು ವರ್ಷ ಆಯ್ತು" ಎಂದು ನಕ್ಕ.

ಅವನ ಹೆಂಡತಿ ಮಾತ್ರ ಒಳಗಿನಿಂದ ಬಂದು, "ಇನ್ನೊಂದು ಸಲ ಹೇಳಿ, ನಮ್ಮತ್ತೆಯೂ ಕೇಳಲಿ" ಎಂದಳು.

ಹೇಳಿದೆ.