ಅನಿತ್ಯಕ್ಕೆ ವಾರಂಟಿ

ಕೊಪ್ಪಳ ಹಿಂದೆ ಕೊಪಣ, ಜೈನರ ಮಹಾತೀರ್ಥ. ಅವರ 12 ಅನುಪ್ರೇಕ್ಷೆಗಳಲ್ಲಿ, ಅಂದರೆ ಮತ್ತೆ ಮತ್ತೆ ಮನನ ಮಾಡುವ ಭಾವನೆಗಳಲ್ಲಿ, ಮೊದಲನೆಯದೇ ಅನಿತ್ಯ: ಯಾವುದೂ ಶಾಶ್ವತವಲ್ಲ. ಉಪವಾಸದಿಂದ ದೇಹ ತೊರೆಯುವ ಸಲ್ಲೇಖನದ ಶಾಸನಗಳಿರುವ ಈ ನೆಲದಲ್ಲಿ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲೂ, ಇಂದು ಫ್ರಿಜ್ ಕೊಳ್ಳುವವರ ಮುಂದೆ ಹೆಚ್ಚುವರಿ ವಾರಂಟಿಯ ಮಾತು ಬರುತ್ತದೆ.

ಕೆಡುವುದು ಖಚಿತವೆಂದ ಮೇಲೆ ಭಯಕ್ಕೆ ಹಣ ತೆರಬೇಕೆ?

ಅನಿತ್ಯಭಾವನೆ ಕಲಿಸುವುದು ಮೋಹವಿಲ್ಲದೆ ವಸ್ತುವನ್ನು ಇದ್ದಂತೆ ನೋಡುವುದನ್ನು. ಹಾಗೆ ನೋಡಿದರೆ, ಅನೇಕ ಫ್ರಿಜ್‌ಗಳ ಕಂಪ್ರೆಸರ್‌ಗೆ ತಯಾರಕರೇ 10 ವರ್ಷದ ವಾರಂಟಿ ಕೊಟ್ಟಿರುತ್ತಾರೆ. ಬಾಗಿಲಿನ ರಬ್ಬರು, ಬಲ್ಬು, ವೋಲ್ಟೇಜ್ ಏರಿಳಿತದ ಹಾನಿ ಹೆಚ್ಚುವರಿ ವಾರಂಟಿಯಲ್ಲಿ ಸಾಮಾನ್ಯವಾಗಿ ಸೇರುವುದೇ ಇಲ್ಲ. ಕರೆಂಟು ನೆಚ್ಚಲಾಗದ ಹಳ್ಳಿಯ ಮನೆಗೆ ಆ ದುಡ್ಡಿನಲ್ಲಿ ಸ್ಟೆಬಿಲೈಸರ್ ತರುವುದೇ ಮೇಲು.

ಆದರೆ ಕೊಟ್ಟ ಮಾತು ತಪ್ಪಿದರೆ ಅದನ್ನು ಅನಿತ್ಯವೆಂದು ಸಹಿಸಬೇಕಿಲ್ಲ, ಅದು ಅನ್ಯಾಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಮಾತು ತಪ್ಪಿದಂದಿನಿಂದ 2 ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಯಾದರೆ ದೂರಿಗೆ ಶುಲ್ಕವಿಲ್ಲ. ರಸೀದಿ ಜೋಪಾನವಾಗಿಡಿ.